ಧನಲಕ್ಷ್ಮಿಯವರನ್ನು ನೋಡಿ

ಶಿವಪುತ್ರನನ್ನು ಕಾರ್ಖಾನೆಯವರು ಮೊದಲ ಸಲ ತೂಗಿದ್ದು ಗುಜರಿ ಕಬ್ಬಿಣ ತೂಗುವ ಯಂತ್ರದ ಮೇಲೆ. ಪೀಣ್ಯದ ಆ ಕಾರ್ಖಾನೆಯ ಫಸ್ಟ್ ಏಡ್ ಕೋಣೆಯಲ್ಲಿದ್ದ ಪುಟ್ಟ ಯಂತ್ರ ನೂರಾ ಇಪ್ಪತ್ತರವರೆಗೆ ಮಾತ್ರ ಎಣಿಸಲು ಕಲಿತಿತ್ತು. ಅವನು ಹತ್ತಿ ನಿಂತ ಕೂಡಲೇ ಅದರ ಮುಳ್ಳು ಪೂರ್ತಿ ಒಂದು ಸುತ್ತು ಹೊಡೆದು, ಸೊನ್ನೆಯನ್ನೂ ದಾಟಿ, ಹದಿನೆಂಟರ ಹತ್ತಿರ ಬಂದು ನಿಂತಿತು. 'ನೋಡಿ ಸರ್, ಹದಿನೆಂಟು ಕೇಜಿ. ಊಟ ಸಾಕಾಗ್ತಿಲ್ಲ' ಎಂದ ಶಿವಪುತ್ರ. ಸೇಫ್ಟಿ ಆಫೀಸರ್ ವಿಶ್ವನಾಥ ನಗಲಿಲ್ಲ. ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕಬ್ಬಿಣದ ಚೂರುಪಾರು ತೂಗುವ ಹಲಗೆಯ ಮೇಲೆ ನಿಲ್ಲಿಸಿದರು. ಯಂತ್ರ ಕಿರ್ರೆಂದು ಚೀಟಿ ಉಗುಳಿತು. ಮಾಲು: ಸ್ಕ್ರ್ಯಾಪ್. ತೂಕ: ನೂರಾ ಮೂವತ್ತೆಂಟು.

ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಶೆಡ್ಡಿನಲ್ಲಿ ಅವನ ಹೆಸರು 'ಸ್ಕ್ರ್ಯಾಪು' ಎಂದಾಗಿತ್ತು. ಶಿವಪುತ್ರ ಬೇಜಾರು ಮಾಡಿಕೊಂಡಂತೆ ತೋರಿಸಿಕೊಳ್ಳಲಿಲ್ಲ. ದಪ್ಪಗಿರುವವನು ಎಲ್ಲರಿಗಿಂತ ಮೊದಲು ತಾನೇ ತನ್ನನ್ನು ಗೇಲಿ ಮಾಡಿಕೊಂಡುಬಿಟ್ಟರೆ ಉಳಿದವರಿಗೆ ಹೆಚ್ಚು ಕೆಲಸ ಉಳಿಯುವುದಿಲ್ಲ ಎಂಬುದನ್ನು ಅವನು ಬಸವನಬಾಗೇವಾಡಿಯ ಶಾಲೆಯಲ್ಲೇ ಕಲಿತಿದ್ದ.

ಆದರೆ ಅಂದು ತೂಗಿದ್ದು ಗೇಲಿಗಲ್ಲ. ಶಿವಪುತ್ರ ಆ ಶೆಡ್ಡಿನ ಕ್ರೇನ್ ಆಪರೇಟರ್. ಚಾವಣಿಯ ಕೆಳಗೆ ಹಳಿಗಳ ಮೇಲೆ ಓಡಾಡುವ ದೊಡ್ಡ ಕ್ರೇನು. ಅದಕ್ಕೆ ನೇತುಬಿದ್ದ ಗಾಜಿನ ಗೂಡು. ಆ ಗೂಡಿಗೆ ಹತ್ತಲು ನೆಟ್ಟಗೆ ನಿಂತ ಕಬ್ಬಿಣದ ಏಣಿ. ಏಳು ವರ್ಷ ಅವನು ಆ ಗೂಡಿನಲ್ಲಿ ಕೂತು, ಟನ್ನುಗಟ್ಟಲೆ ಭಾರದ ಉಕ್ಕಿನ ಹಾಳೆಗಳನ್ನು ಮಗುವನ್ನು ತೊಟ್ಟಿಲಿಗೆ ಹಾಕಿದಷ್ಟು ಮೆತ್ತಗೆ ಇಳಿಸಿದ್ದ. ನೆಲದ ಮೇಲೆ ಅವನು ಎಲ್ಲರ ದಾರಿಗೆ ಅಡ್ಡ ಬರುವ ಮನುಷ್ಯ. ಬಸ್ಸಿನಲ್ಲಿ ಎರಡು ಸೀಟಿನ ಮನುಷ್ಯ. ಮೇಲೆ ಮಾತ್ರ ಅವನಿಗೆ ಮೈಯೇ ಇರಲಿಲ್ಲ. ಎರಡು ಕೈ, ಎರಡು ಕಣ್ಣು, ಅಷ್ಟೇ. ಈಗ ಹೊಸ ನಿಯಮ ಬಂದಿತ್ತು: ಏಣಿ ಹತ್ತುವವರೆಲ್ಲ ಸೇಫ್ಟಿ ಬೆಲ್ಟ್ ಹಾಕಬೇಕು. ಬೆಲ್ಟು ತಡೆಯುವುದು ನೂರು ಕೇಜಿ.

'ನೂರರ ಒಳಗೆ ಬಾ ಶಿವಪುತ್ರ, ಅವತ್ತೇ ಮೇಲೆ ಹತ್ತು' ಎಂದರು ವಿಶ್ವನಾಥ. 'ಅಲ್ಲೀವರೆಗೂ ಸ್ಟೋರಲ್ಲಿ ಕೂತ್ಕೋ. ನಿನ್ ಒಳ್ಳೇದಕ್ಕೇ ಕಣಯ್ಯಾ ಹೇಳ್ತಿರೋದು.'

ಹೀಗೆ ಕ್ರೇನಿನ ಗೂಡು ಅದೇ ಶೆಡ್ಡಿನ ಭೀಮರಾಜನ ಪಾಲಾಯಿತು. ಶಿವಪುತ್ರ ಸ್ಟೋರಿನ ಕಿಟಕಿಯ ಹಿಂದೆ ಕೂತು ಕೈಗವಸು, ಹೆಲ್ಮೆಟ್ಟು ಹಂಚತೊಡಗಿದ. ದಿನಾ ಬೆಳಗ್ಗೆ ಭೀಮರಾಜನಿಗೆ ಬೆಲ್ಟು ಎತ್ತಿ ಕೊಡುವವನೂ ಅವನೇ.

ತೂಕ ಇಳಿಸಲು ಅವನು ಮಾಡದ ಸರ್ಕಸ್ಸಿರಲಿಲ್ಲ. ಟಿ. ದಾಸರಹಳ್ಳಿಯ ಗಲ್ಲಿಗಳಲ್ಲಿ ಬೆಳಗ್ಗೆ ನಡೆದ. ಬೀದಿನಾಯಿಗಳು ಮೊದಮೊದಲು ಬೊಗಳಿ, ಆಮೇಲೆ ಕರುಣೆಯಿಂದ ಜೊತೆಗೆ ಬಂದವು. ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದ. ರೊಟ್ಟಿ ಬಿಟ್ಟ, ಮತ್ತೆ ಹಿಡಿದ. ಸಕ್ಕರೆ ಕಾಯಿಲೆ ಬೇರೆ ಆಗಲೇ ಶುರುವಾಗಿತ್ತು. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಂದು ಮೂಗಿಗೆ ಕೊಳವೆಯ ಯಂತ್ರ ಕಟ್ಟಿಕೊಂಡು ಮಲಗಬೇಕಾಗಿತ್ತು. ಕೊನೆಗೆ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯ ಡಾಕ್ಟರು ಆಪರೇಷನ್ ಮಾಡಿಸುವುದು ಒಳ್ಳೆಯದೆಂದರು. ಜಠರದ ಮುಕ್ಕಾಲು ಪಾಲು ತೆಗೆದು, ಒಂದು ಬಾಳೆಹಣ್ಣಿನಷ್ಟು ಮಾತ್ರ ಉಳಿಸುವ ಆಪರೇಷನ್ನು.

ಅದೇ ದಿನ, ಅದೇ ಡಾಕ್ಟರ ಕೈಯಲ್ಲಿ, ಅದೇ ಆಪರೇಷನ್ ಮಾಡಿಸಿಕೊಂಡ ಇನ್ನೊಬ್ಬರಿದ್ದರು. ಸಹಕಾರನಗರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಧನಲಕ್ಷ್ಮಿ. ಬೆಳಗ್ಗೆ ಅವರದು, ಮಧ್ಯಾಹ್ನ ಇವನದು. ಮರುದಿನ ಇಬ್ಬರೂ ಗ್ಲೂಕೋಸಿನ ಕಂಬ ತಳ್ಳಿಕೊಂಡು ವರಾಂಡದಲ್ಲಿ ನಡೆಯುವಾಗ ನರ್ಸು, 'ಓ, ಅವಳಿ ಜವಳಿ ಬಂದ್ರು' ಎಂದಿದ್ದಳು. ಆ ಮಾತಿಗೆ ಇಬ್ಬರೂ ಹೊಲಿಗೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ಶಿವಪುತ್ರ ಆ ಮಾತಿಗೆ ನಕ್ಕದ್ದಿಲ್ಲ.

ಮೊದಲ ತಿಂಗಳುಗಳು ಚೆನ್ನಾಗಿಯೇ ಕಳೆದವು. ತೂಕ ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಸೈಕಲ್ಲಿನಂತೆ ಇಳಿಯಿತು. ಪ್ಯಾಂಟು ಸೊಂಟದಿಂದ ಜಾರತೊಡಗಿದಾಗ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಶೆಡ್ಡಿನ ತುಂಬ ಓಡಾಡಿದ. ಬೇಕೆಂದೇ ಪಟ್ಟಿ ಕಟ್ಟಲಿಲ್ಲ. ಆಮೇಲೆ ತೂಕ ನೂರಾ ಹನ್ನೆರಡಕ್ಕೆ ಬಂದು ನಿಂತಿತು. ನಿಂತಿತು ಎಂದರೆ, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಲಾರಿ ನಿಂತ ಹಾಗೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಎಂಜಿನ್ ಮಾತ್ರ ಉರಿಯುತ್ತಿದೆ. ಅದೇ ಊಟ, ಅದೇ ನಡಿಗೆ, ಅದೇ ಗುಟುಕು ಗುಟುಕು ನೀರು. ಒಂದು ವಾರ, ಎರಡು ವಾರ, ತಿಂಗಳು, ಇನ್ನೊಂದು ತಿಂಗಳು.

ಧನಲಕ್ಷ್ಮಿ ಮಾತ್ರ ಇಳಿಯುತ್ತಲೇ ಇದ್ದರು. ನೂರಾ ಇಪ್ಪತ್ತನಾಲ್ಕರಿಂದ ಹೊರಟವರು ಈಗ ಎಂಬತ್ತರ ಹತ್ತಿರ.

ಆಸ್ಪತ್ರೆಯ ಆಹಾರ ತಜ್ಞೆ ಕೀರ್ತಿ ಒಳ್ಳೆಯ ಹುಡುಗಿ. ಕೆಟ್ಟ ಮಾತು ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ. 'ನೋಡಿ ಶಿವಪುತ್ರ ಅವ್ರೇ,' ಎನ್ನುತ್ತಿದ್ದಳು ಪ್ರತಿ ಸಲ, 'ಎಲ್ಲರ ಬಾಡಿ ಒಂದೇ ಥರ ಇರಲ್ಲ. ನೀವು ಯಾರ ಜೊತೇನೂ ಕಂಪೇರ್ ಮಾಡ್ಕೋಬಾರ್ದು.' ಅಷ್ಟು ಹೇಳಿ, ಕಂಪ್ಯೂಟರಿನತ್ತ ತಿರುಗಿ, 'ಆದ್ರೆ ಧನಲಕ್ಷ್ಮಿ ಅವ್ರನ್ನ ನೋಡಿ' ಎನ್ನುತ್ತಿದ್ದಳು.

ಈ 'ಆದ್ರೆ' ಎಂಬ ಎರಡಕ್ಷರದ ಪದ ಶಿವಪುತ್ರನ ತಲೆಯೊಳಗೆ ಹೊಕ್ಕು ಕೂತಿತು. ಯಾರ ಜೊತೆಗೂ ಹೋಲಿಸಿಕೊಳ್ಳಬಾರದೆಂದು ಡಾಕ್ಟರೂ ಹೇಳಿದರು, ಸ್ವಲ್ಪ ಗಂಭೀರ ಧ್ವನಿಯಲ್ಲಿ. ಸಕ್ಕರೆ ಹತೋಟಿಗೆ ಬಂದಿದೆ, ಮೂಗಿನ ಯಂತ್ರ ಇನ್ನು ಬೇಡ, ಇದೆಲ್ಲ ದೊಡ್ಡ ಗೆಲುವು ಎಂದರು.

'ಸರ್, ಬೆಲ್ಟು' ಎಂದ ಶಿವಪುತ್ರ.

'ಯಾವ ಬೆಲ್ಟು?'

'ಏನಿಲ್ಲ ಬಿಡ್ರಿ ಸರ್.'

ಮನೆಯಲ್ಲಿ ಅವ್ವ ಗಂಗಾದೇವಿಯದು ಬೇರೆಯೇ ಗೋಳು. ಮಗನ ಅಡುಗೆ ನೋಡಿಕೊಳ್ಳಲು ಊರಿಂದ ಬಂದ ಆಕೆಗೆ, ಆಪರೇಷನ್ ಆದಮೇಲೆ ಅಡುಗೆಯೇ ಇಲ್ಲದಂತಾಗಿತ್ತು. ಅಂಗೈಯಗಲದ ಬಟ್ಟಲಲ್ಲಿ ಬೇಳೆಯ ತಿಳಿ, ಒಂದು ಮೊಟ್ಟೆ, ಕಾಲು ರೊಟ್ಟಿ. ಊರಿಂದ ಬಂದುಹೋಗುವವರೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಡುವ ಮೊದಲೇ, 'ಅಯ್ಯ, ಎಷ್ಟ್ ಸೊರಗ್ಯಾನ! ಆರಾಮ ಇಲ್ಲೇನು?' ಎಂದು ಕೇಳುತ್ತಿದ್ದರು. ಅವರ ಲೆಕ್ಕದಲ್ಲಿ ಇಳಿದ ಮೈ ಎಂದರೆ ರೋಗ ಬಂದ ಮೈ. ಕಾರ್ಖಾನೆಯವರ ಲೆಕ್ಕದಲ್ಲಿ ಇನ್ನೂ ಸ್ಕ್ರ್ಯಾಪು. ಒಂದೇ ಮೈ ಒಂದೇ ದಿನ ಬಸವನಬಾಗೇವಾಡಿಗೆ ಕಡಿಮೆಯಾಗಿ, ಪೀಣ್ಯಕ್ಕೆ ಜಾಸ್ತಿಯಾಗುವುದು ಹೇಗೆಂದು ಅವನಿಗೆ ತಿಳಿಯುತ್ತಿರಲಿಲ್ಲ.

'ಮುಕ್ಕಾಲು ಹೊಟ್ಟಿ ಕೊಯ್ದು ಒಗದಾರ ಅಂತಿ,' ಎಂದಳು ಅವ್ವ ಒಂದು ದಿನ. 'ಮತ್ತ ತೂಕ ಯಾಕ ಇಳೀವಲ್ದು? ಹೊರಗ ಏನರ ತಿಂತೀ ಏನಪಾ? ನನ್ ಮುಂದ ಖರೇ ಹೇಳು.'

'ಇಲ್ಲಬೇ. ನೀನ ಏನರ ಹಾಕಾಕತ್ತೀಯೇನು ಆ ಮಜ್ಜಿಗ್ಯಾಗ?'

ಅವ್ವನ ಕೈ ಸೌಟಿನ ಮೇಲೆಯೇ ನಿಂತಿತು. 'ಒಂದ್ ಚಮಚ ಶೇಂಗಾ ಹಿಂಡಿ' ಎಂದಳು.

'ಯಾಕಬೇ?!'

'ಆ ಹುಡುಗಿ ಕೀರ್ತಿನ ಹೇಳ್ಯಾಳಲ್ಲ, ಮಜ್ಜಿಗ್ಯಾಗ ಪುಡಿ ಹಾಕಿ ಕೊಡ್ರಿ ಅಂತ! ಆ ಡಬ್ಬಿ ಪುಡಿ ವಾಸನಿ ಹೊಡೀತೈತಿ. ಶೇಂಗಾದಾಗೂ ಪ್ರೋಟೀನ ಐತಂತ. ಬಳ್ಳೊಳ್ಳಿ, ಖಾರ ಹಾಕಿ ಕುಟ್ಟೇನಿ. ನಿನಗ ಸೇರತೈತೆಲ್ಲ.'

ಶಿವಪುತ್ರ ಸಿಟ್ಟಿನಲ್ಲಿ ಎದ್ದು ನಿಂತ. ಕಳ್ಳ ಸಿಕ್ಕಿಬಿಟ್ಟನೆಂದು ಒಳಗೊಳಗೇ ಖುಷಿಯೂ ಆಯಿತು. ಡಬ್ಬಿಯ ಪುಡಿ ಮತ್ತೆ ಶುರುವಾಯಿತು, ಹಿಂಡಿ ನಿಂತಿತು. ಮುಂದಿನ ಸಲ ತೂಗಿದರೆ ನೂರಾ ಹನ್ನೆರಡು. ಪಾಪ, ಅವ್ವನ ಹಿಂಡಿಯ ಮೇಲೆ ಹೊರಿಸಿದ್ದ ಆರೋಪವೂ ಬಿದ್ದುಹೋಯಿತು. ಮನೆಗೆ ಬಂದು, 'ನಿಂದೇನೂ ತಪ್ಪಿಲ್ಲಬೇ' ಎಂದರೆ ಅವ್ವ ಡಬ್ಬಿಯ ಪುಡಿ ಕಲಸಿದ ಮಜ್ಜಿಗೆ ಮುಂದಿಟ್ಟು ಒಳಗೆ ಹೋದಳು. ಆ ವಾರವೆಲ್ಲ ಮಾತಾಡಲಿಲ್ಲ.

ಸಿಟ್ಟು ಅವನ ಬುದ್ಧಿ ಕೆಡಿಸಿತು. ಕಾರ್ಖಾನೆಯಲ್ಲಿ ವರ್ಷದ ತಪಾಸಣೆ ಹತ್ತಿರ ಬರುತ್ತಿತ್ತು. ಅದು ಮುಗಿದರೆ ಕ್ರೇನನ್ನು ಭೀಮರಾಜನಿಗೇ ಕಾಯಂ ಮಾಡುತ್ತಾರೆಂದು ಸುದ್ದಿ. ಹಿಂದಿನ ದಿನದಿಂದ ನೀರು ಕುಡಿಯದಿದ್ದರೆ ಒಂದೆರಡು ಕೇಜಿ ಇಳಿದೀತು, ನೂರು ಮುಟ್ಟದಿದ್ದರೂ ಇಳಿಯುತ್ತಿದೆಯೆಂದು ತೋರಿಸಿ ಇನ್ನಷ್ಟು ಗಡುವು ಕೇಳಬಹುದೆಂದು ಲೆಕ್ಕ ಹಾಕಿ, ಆಸ್ಪತ್ರೆಯಲ್ಲಿ ಒಂದು ರಿಹರ್ಸಲ್ ಮಾಡಿ ನೋಡೋಣವೆಂದು, ಬಾಯಿ ಒಣಗಿಸಿಕೊಂಡು ಹೋದ. ತೂಕದ ಯಂತ್ರ ಹತ್ತಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಅದೇ ಹಳೆಯ ನರ್ಸು ಗ್ಲೂಕೋಸು ಏರಿಸುತ್ತಿದ್ದಳು. ಡಾಕ್ಟರು ಬೈದರು. ಬಾಳೆಹಣ್ಣಿನಷ್ಟು ಜಠರದವನು ನೀರಿನ ಜೊತೆ ಆಟವಾಡಬಾರದೆಂದು ಬೈದದ್ದು ಸರಿಯಾಗಿಯೇ ಇತ್ತು. ಕೀರ್ತಿ ಮಾತ್ರ ಮೆಲ್ಲಗೆ, 'ಧನಲಕ್ಷ್ಮಿ ಅವ್ರು ನೀರಿನ ವಿಷಯದಲ್ಲಿ ತುಂಬಾ ಸ್ಟ್ರಿಕ್ಟು' ಎಂದಳು.

ಮುಂದಿನ ಭಾನುವಾರ ಅವನು ಬಸ್ಸು ಹತ್ತಿ ಸಹಕಾರನಗರಕ್ಕೆ ಹೋದ. ಆ ಹೆಂಗಸು ಗುಟ್ಟಾಗಿ ಏನು ಮಾಡುತ್ತಾಳೆಂದು ಇವತ್ತು ತಿಳಿಯಲೇಬೇಕು. ಕಷಾಯವೋ, ಯೋಗವೋ, ದೇವರ ಹರಕೆಯೋ, ಏನೇ ಆಗಲಿ.

ಪಾರ್ಕಿನ ಪಕ್ಕದ ರಸ್ತೆಯಲ್ಲಿ ಅಂಗಡಿ. ಧನಲಕ್ಷ್ಮಿ ಹೊಲಿಗೆ ಯಂತ್ರದ ಹಿಂದೆ ಕೂತಿದ್ದರು. ಅವನಿಗೆ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಮುಖ ಇಳಿದು, ಕೆನ್ನೆ ಜೋತುಬಿದ್ದು, ತಲೆಗೆ ಸೆರಗು ಹೊದ್ದಿದ್ದರು.

'ಅಯ್ ಬಾರಪ್ಪಾ ಅವಳಿ ಜವಳಿ!' ಎಂದರು. 'ಕೂತ್ಕೊ. ಏನ್ ಕೊಡ್ಲಿ ನಿಂಗೆ? ಟೀ ಕೊಟ್ರೆ ಕುಡಿಯಲ್ಲ, ನೀರು ಕೊಟ್ರೆ ಗುಟುಕು ಹಾಕ್ತೀಯ. ನಮ್ಮಂತೋರ ಮನೆಗೆ ನಮ್ಮಂತೋರು ಬಂದ್ರೆ ಏನೂ ಖರ್ಚಿಲ್ಲ ನೋಡು.'

'ಅಕ್ಕಾರ, ಒಂದ್ ಮಾತು ಕೇಳ್ಬೇಕಿತ್ತು.' ಅವನು ಸುತ್ತಿಬಳಸಲಿಲ್ಲ. 'ನೀವು ಏನ್ ತಿಂತೀರಿ? ಆ ಹುಡುಗಿ ದಿನಾ ನಿಮ್ಮ ಹೆಸರು ಹೇಳಿ ಹೇಳಿ ನನ್ ಜೀವ ತಿನ್ನಾಕತ್ತಾಳ. ಧನಲಕ್ಷ್ಮಿ ಅವ್ರನ್ನ ನೋಡಿ, ಧನಲಕ್ಷ್ಮಿ ಅವ್ರನ್ನ ನೋಡಿ.'

ಧನಲಕ್ಷ್ಮಿಯ ಕಾಲು ಪೆಡಲಿನ ಮೇಲೆ ನಿಂತಿತು.

'ನನ್ ಹೆಸರಾ?' ಎಂದರು. 'ಅವಳು ನಂಗೆ ಏಳದು ನಿನ್ ಹೆಸರಲ್ವೇನಪ್ಪಾ!'

'ನಂದಾ?'

'ಊಂ ಮತ್ತೆ! ಎಲ್ರು ಬಾಡೀನೂ ಒಂದೇ ತರ ಇರಲ್ಲ ಧನಲಕ್ಷ್ಮಮ್ಮ, ಆದ್ರೆ ಶಿವಪುತ್ರ ಅವ್ರನ್ನ ನೋಡಿ. ಒಂದಿನಾನೂ ವಾಂತಿ ಇಲ್ಲ, ಸುಸ್ತಿಲ್ಲ, ರೊಟ್ಟಿ ಅಗ್ದು ಅಗ್ದು ತಿಂತಾರೆ, ಕೆಲಸಕ್ಕೆ ಓಗ್ತಾರೆ, ಕೂದ್ಲು ಎಂಗಿತ್ತೋ ಅಂಗೇ ಐತೆ. ನೀವು ಅವ್ರ ತರ ಚೆನ್ನಾಗಿ ಅಗೀಬೇಕು ಅಂತಾಳೆ. ಅಗಿಯಕ್ಕೆ ಏನ್ ಮಣ್ಣು ಐತೆ ಬಾಯಲ್ಲಿ? ಎರಡು ತುತ್ತು ಮುದ್ದೆ ಇಳಿದ್ರೆ ಇಲ್ಲಿಗೆ ಬಂದು ಕೂತ್ಕೊಂತದೆ.' ಎದೆಯ ಮೇಲೆ ಮುಷ್ಟಿ ಇಟ್ಟು ತೋರಿಸಿದರು. 'ಆಮೇಲೆ ವಾಪಸ್ಸು. ಹುಟ್ಟಿದಾಗಿಂದ ಮುದ್ದೆ ತಿಂದಿರೋ ಒಟ್ಟೆ ಕಣಪ್ಪಾ ಇದು. ಈಗ ಅದಕ್ಕೆ ಮುದ್ದೆ ಕಂಡ್ರೆ ಆಗಲ್ಲ.'

ಸೆರಗು ಸರಿಸಿದರು. ಹಣೆಯ ಮೇಲಿನ ಕೂದಲು ತೆಳ್ಳಗಾಗಿ ನೆತ್ತಿ ಕಾಣುತ್ತಿತ್ತು. ಮತ್ತೆ ಬರುತ್ತದಂತೆ ಎಂದರು, ಡಾಕ್ಟರು ಹೇಳಿದ್ದಾರಂತೆ.

'ಒಂದು ಮದುವೆಗೆ ಓಗಕ್ಕಾಗಲ್ಲ. ಎಲ್ಲಾ ಸಣ್ಣ ಆಗಿದೀಯ, ಏನ್ ಚೆಂದ ಆಗಿದೀಯ ಅಂತಾರೆ, ಎಲೆ ಮುಂದೆ ಕೂತ್ರೆ ನಂಗೆ ಬೆವರು. ನಿನ್ನ ಎಷ್ಟ್ ಬೈಕೊಂಡಿದೀನಿ ಗೊತ್ತಾ ಒಳಗೊಳಗೆ? ಅವನ್ಯಾವನೋ ಬಿಜಾಪುರದೋನು ಆರಾಮಾಗಿ ರೊಟ್ಟಿ ತಿಂತಾನಂತೆ ಅಂತ.'

ಶಿವಪುತ್ರನಿಗೆ ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಇಷ್ಟು ತಿಂಗಳು ಅವನು ಯಾರನ್ನು ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದನೋ, ಅವರು ಇವನ ಕಾಲು ರೊಟ್ಟಿಯ ಮೇಲೆ ಕಣ್ಣು ಹಾಕಿಕೊಂಡು ಕೂತಿದ್ದರು. ಹೊಟ್ಟೆಯ ಮುಕ್ಕಾಲು ಪಾಲು ಹೋದರೂ ಹೊಟ್ಟೆಕಿಚ್ಚು ಇಬ್ಬರದೂ ಹಾಗೆಯೇ ಇತ್ತು.

ಅವನಿಗೆ ಕ್ರೇನು ನೆನಪಾಯಿತು. ಅವನ ಶೆಡ್ಡಿನಲ್ಲಿ ಎರಡು ಕ್ರೇನು, ಒಂದೇ ಕಂಪನಿಯವು, ಒಂದೇ ಲಾರಿಯಲ್ಲಿ ಬಂದವು. ಒಂದು ಬ್ರೇಕು ಒತ್ತಿದಲ್ಲೇ ನಿಲ್ಲುತ್ತದೆ. ಇನ್ನೊಂದು ಗೇಣುದ್ದ ಜಾರಿ ನಿಲ್ಲುತ್ತದೆ. ಆ ಜಾರುವ ಕ್ರೇನೇ ಅವನದು. ಅದಕ್ಕೆ ಅವನು ಒಂದು ದಿನವೂ, 'ಪಕ್ಕದ ಕ್ರೇನನ್ನು ನೋಡಿ ಕಲಿ' ಎಂದಿರಲಿಲ್ಲ. ಗೇಣು ಮೊದಲೇ ಬ್ರೇಕು ಒತ್ತುವುದನ್ನು ತಾನೇ ಕಲಿತಿದ್ದ. ಕಬ್ಬಿಣಕ್ಕೆ ಕೊಟ್ಟ ಮರ್ಯಾದೆಯನ್ನು ತನ್ನ ಮೈಗೆ ಕೊಡಲು ಅವನಿಗೆ ಹೊಳೆದಿರಲಿಲ್ಲ. ಆದರೆ ಹೊಳೆದು ತಾನೆ ಏನಾಯಿತು? ನೂರಾ ಹನ್ನೆರಡು ನೂರಾ ಹನ್ನೆರಡೇ.

'ನನಗೇನ್ ಚೆಂದ ಕಾಣೋದು ಬ್ಯಾಡ್ರಿ ಅಕ್ಕಾರ,' ಎಂದ. 'ಬೆಲ್ಟು ನೂರು ಕೇಜಿಗೆ ಐತಿ. ಅದರೊಳಗ ಬಂದ್ರ ಕ್ರೇನ್ ಹತ್ತಬಹುದು. ಅಷ್ಟ ಸಾಕು.' ಬೆಲ್ಟಿನ ಕತೆಯೆಲ್ಲ ಹೇಳಿದ.

ಧನಲಕ್ಷ್ಮಿ ದಾರ ಕಚ್ಚಿ ಕತ್ತರಿಸಿದರು. ಹೊಲಿಯುತ್ತಿದ್ದ ರವಿಕೆಯನ್ನು ಎತ್ತಿ ಒಳಮಗ್ಗುಲು ತೋರಿಸಿದರು. ಹೊಲಿಗೆಯ ಆಚೆ ಎರಡು ಬೆರಳಗಲ ಬಟ್ಟೆ ಮಡಚಿ ಬಿಟ್ಟಿತ್ತು.

'ಇದು ಎರಡು ಮಕ್ಕಳ ತಾಯಿ ರವಿಕೆ. ಟೈಟಾಯ್ತು ಅಂತ ತಂದವ್ಳೆ. ಬಿಚ್ಚಿ ಬಿಡ್ತೀನಿ. ಓಗಮ್ಮಾ, ನೀನು ಸಣ್ಣ ಆಗ್ಬಿಟ್ಟು ಬಾ ಅಂತ ಏಳ್ತೀನಾ?' ಎಂದರು. 'ನಿಮ್ಮೋರು ಆ ಬೆಲ್ಟನ್ನೇ ದೊಡ್ಡದು ತರಿಸಬಾರದಾ?'

ಶಿವಪುತ್ರ ನಕ್ಕುಬಿಟ್ಟ. 'ಅದು ರವಿಕೆ ಅಲ್ರಿ ಅಕ್ಕಾರ. ಸೇಫ್ಟಿ ಐಟಂ. ಅದಕ್ಕೆ ಸ್ಟ್ಯಾಂಡರ್ಡು, ಟೆಸ್ಟಿಂಗು ಎಲ್ಲಾ ಇರತೈತಿ.'

'ಇರ್ಲಪ್ಪಾ, ನಂಗೇನ್ ಗೊತ್ತು' ಎಂದು ಅವರು ಮತ್ತೆ ಪೆಡಲು ತುಳಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಅವನು ಇನ್ನೂ ನಗುತ್ತಿದ್ದ. ಜಾಲಹಳ್ಳಿ ಕ್ರಾಸ್ ದಾಟುವ ಹೊತ್ತಿಗೆ ನಗು ನಿಂತಿತ್ತು.

ಕೈಗವಸು, ಬೆಲ್ಟು ಸರಬರಾಜು ಮಾಡುವವನು ಜಾಫರ್. ಎಂದಿನಂತೆ ಮಂಗಳವಾರ ಟೆಂಪೋದಲ್ಲಿ ಮಾಲು ತಂದು ಸ್ಟೋರಿನ ಕಟ್ಟೆಯ ಮೇಲೆ ಇಳಿಸಿದ. ಶಿವಪುತ್ರ ಪೆಟ್ಟಿಗೆ ಎಣಿಸುತ್ತ, ಏನೂ ಮುಖ್ಯವಲ್ಲದ ಮಾತಿನ ಹಾಗೆ ಕೇಳಿದ: 'ಜಾಫರ್ ಭಾಯ್, ಈ ಬೆಲ್ಟು ನೂರು ಕೇಜಿಗಿಂತ ಜಾಸ್ತೀದು ಬರಲ್ಲ ಅಲ್ವಾ?'

'ಯಾಕ್ ಬರಲ್ಲ?' ಜಾಫರ್ ಬೆವರು ಒರೆಸಿಕೊಂಡ. 'ನೂರಾ ನಲವತ್ತರದು ಇದೆಯಲ್ಲ ಗುರು. ಟೆಸ್ಟ್ ಸರ್ಟಿಫಿಕೇಟ್ ಸಮೇತ. ಟವರ್ ಕೆಲಸದೋರು ಅದನ್ನೇ ತಗೊಳ್ಳೋದು, ಟೂಲ್ಸ್ ಭಾರ ಇರುತ್ತಲ್ಲ.'

'ಮತ್ತೆ ನಮಗ್ಯಾಕೆ ಕೊಡ್ಲಿಲ್ಲ?'

'ನೀವು ಕೇಳ್ಲಿಲ್ಲ.'

ಶಿವಪುತ್ರ ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟ. ಪೆಟ್ಟಿಗೆ ಕುಸಿಯಲಿಲ್ಲ, ಮೊದಲಾಗಿದ್ದರೆ ಕುಸಿಯುತ್ತಿತ್ತು. ನೂರಾ ನಲವತ್ತು. ಗುಜರಿ ಯಂತ್ರದ ಮೇಲೆ ನಿಂತ ದಿನವೂ ಅವನು ಅದರೊಳಗೇ ಇದ್ದ. ಸಕ್ಕರೆಗೆ, ಉಸಿರಿಗೆ ಆಪರೇಷನ್ ಬೇಕೇ ಇತ್ತು, ಅದು ಬೇರೆ ಮಾತು. ಆದರೆ ಈ ಕಿಟಕಿಯ ಹಿಂದೆ ಕೂತದ್ದು? ನೀರು ಬಿಟ್ಟು ಬಿದ್ದದ್ದು? ಅವ್ವನ ಹಿಂಡಿಯ ಮೇಲೆ ಕೂಗಾಡಿದ್ದು? ಇಷ್ಟು ತಿಂಗಳು ಜಾಫರನ ಕೈಲಿ ಬೆಲ್ಟು ಎಣಿಸಿ ಇಳಿಸಿಕೊಂಡವನು ತಾನೇ. ಯಾರನ್ನು ಬೈಯುವುದೆಂದು ಹುಡುಕಿದರೆ ಸಾಲಿನಲ್ಲಿ ಮೊದಲು ನಿಂತವನೂ ತಾನೇ.

ವಿಶ್ವನಾಥರ ಕೋಣೆಗೆ ಹೋದ. ಅವರು ಕೇಳಿಸಿಕೊಂಡು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

'ಹೌದಲ್ಲೋ,' ಎಂದರು. 'ನಮ್ಮತ್ರ ಇದ್ದಿದ್ದು ನೂರರದು, ಅದಕ್ಕೇ ನೂರು ಅಂದ್ಬಿಟ್ಟೆ.' ಸ್ವಲ್ಪ ತಡೆದು, 'ನಿನ್ ಒಳ್ಳೇದಕ್ಕೇ ಆಯ್ತು ಬಿಡು, ಆರೋಗ್ಯ ಸುಧಾರಿಸ್ತಲ್ಲ' ಎಂದರು.

ಶಿವಪುತ್ರನ ನಾಲಿಗೆಯ ತುದಿಗೆ ಊರಿನ ಭಾಷೆಯ ಒಂದು ಮಾತು ಬಂತು. ಬೆಂಗಳೂರಿನಲ್ಲಿ ಅದರ ಪೂರ್ತಿ ಅರ್ಥ ಆಗುವುದಿಲ್ಲವೆಂಬ ಕಾರಣಕ್ಕೆ ನುಂಗಿಕೊಂಡ. 'ತರಿಸಿ ಸರ್' ಎಂದಷ್ಟೇ ಹೇಳಿದ.

ಬೆಲ್ಟು ಬರಲು, ಅದಕ್ಕೆ ಯಾರ್ಯಾರದೋ ಒಪ್ಪಿಗೆ ಬೀಳಲು, ಇನ್ನಷ್ಟು ದಿನ ಹಿಡಿಯಿತು. ಅಲ್ಲಿಯವರೆಗೆ ಕ್ರೇನನ್ನು ಭೀಮರಾಜನಿಗೆ ಕಾಯಂ ಮಾಡುವ ಮಾತನ್ನು ವಿಶ್ವನಾಥ ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ತೂಕ, ಯಾರೂ ಕೇಳದಿದ್ದಾಗ, ತನ್ನಷ್ಟಕ್ಕೆ ತಾನು ಎರಡು ಕೇಜಿ ಇಳಿದು ನೂರಾ ಹತ್ತಕ್ಕೆ ಬಂತು. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಅದಕ್ಕೆ ಮರ್ಯಾದೆ ಕೊಟ್ಟರೆ ಮತ್ತೆ ನಿಂತುಬಿಟ್ಟೀತೆಂಬ ಭಯ.

ಬೆಲ್ಟು ಬಂದ ದಿನ ಶೆಡ್ಡಿನ ಅರ್ಧ ಜನ ಏಣಿಯ ಬುಡಕ್ಕೆ ಬಂದು ನಿಂತರು. ಭೀಮರಾಜನೇ ಪಟ್ಟಿಗಳನ್ನು ಎಳೆದು ಬಿಗಿದ. ಶಿವಪುತ್ರ ಹತ್ತಿದ. ಅರ್ಧದಲ್ಲಿ ನಿಲ್ಲಬೇಕಾಗುತ್ತದೆಂದು ಎಣಿಸಿದ್ದ, ನಿಲ್ಲಲಿಲ್ಲ. ಉಸಿರು ಕಟ್ಟಲಿಲ್ಲ. ಮೇಲೆ ಗೂಡಿನ ಬಾಗಿಲಲ್ಲಿ ಮೊದಲಿನಂತೆ ಅಡ್ಡಡ್ಡ ತಿರುಗಿ ನುಸುಳುವ ಕೆಲಸವೂ ಬೀಳಲಿಲ್ಲ. ಸೀಟು ಭೀಮರಾಜನ ಅಳತೆಗೆ ಮುಂದೆ ಸರಿದಿತ್ತು. ಹಿಂದಕ್ಕೆ ತಳ್ಳಿ ಕೂತ. ಸ್ಪ್ರಿಂಗು ನರಳಲಿಲ್ಲ.

ಕೆಳಗೆ ಉಕ್ಕಿನ ಹಾಳೆಗೆ ಕೊಕ್ಕೆ ಸಿಕ್ಕಿಸಿದರು. ಎತ್ತಿದ. ಚಾವಣಿಯುದ್ದಕ್ಕೂ ತೇಲಿಸಿಕೊಂಡು ಹೋಗಿ, ಇಳಿಸುವ ಜಾಗಕ್ಕೆ ಗೇಣು ಮೊದಲೇ, ಕೈಗೆ ಅಭ್ಯಾಸವಾಗಿದ್ದಂತೆ, ಬ್ರೇಕು ಒತ್ತಿದ.

ಕ್ರೇನು ಜಾರಲಿಲ್ಲ. ಒತ್ತಿದಲ್ಲೇ ಗಕ್ಕನೆ ನಿಂತಿತು. ಹಾಳೆ ಗಾಳಿಯಲ್ಲಿ ಗುರಿಯಿಂದ ಗೇಣು ಹಿಂದೆ ತೂಗಾಡಿತು.

'ಏಯ್ ಸ್ಕ್ರ್ಯಾಪೂ! ಮುಂದೆ ಬಾ ಗುರು, ಮುಂದೆ!' ಭೀಮರಾಜ ಕೆಳಗಿಂದ ಕೂಗಿದ. 'ಹೇಳೋದೇ ಮರ್ತೆ, ಬ್ರೇಕ್ ಶೂ ಹೊಸದು ಹಾಕ್ಸಿದೀನಿ. ಈಗ ಪಕ್ಕದ ಕ್ರೇನ್ ಥರಾನೇ ಸೂಪರ್ ಆಗಿ ನಿಲ್ಲುತ್ತೆ!'

ಏಳು ವರ್ಷ ಕಲಿತದ್ದೆಲ್ಲ ಗೇಣಿನಲ್ಲಿ ಹೋಯಿತು. ಶಿವಪುತ್ರ ಹಲ್ಲು ಕಚ್ಚಿ, ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು, ಅದು ನಿಧಾನಕ್ಕೆ ಇಳಿಯುವವರೆಗೆ ಕಾದ. ಆಮೇಲೆ ಹಿಡಿಯ ಮೇಲೆ ಕೈಯಿಟ್ಟು, ಕ್ರೇನನ್ನು ಬೆರಳಷ್ಟು ಬೆರಳಷ್ಟೇ ಮುಂದಕ್ಕೆ ಬಿಡತೊಡಗಿದ.